ಬಾಕಿ ಬಿಲ್ಲುಗಳ ಮೇಲೆ ನಿಂತಿದ್ದ ಕಂಪನಿ: ಕ್ಯಾರಿಲಿಯನ್ ಹುಟ್ಟು, ಬೆಳವಣಿಗೆ, ಸಾವು

ಬೆಂಗಳೂರಿನಲ್ಲಿ ಸಬ್ ಕಂಟ್ರಾಕ್ಟರ್ ಒಬ್ಬರ ಹತ್ತಿರ ಬಿಲ್ಲಿಂಗ್ ನೋಡಿಕೊಳ್ಳುವ ಕೆಲಸ ನನ್ನದು. ಸೆಂಟ್ರಿಂಗ್, ಬಾರ್ ಬೆಂಡಿಂಗ್ ಮುಗಿದ ಮೇಲೆ ಅಳತೆ ಹಿಡಿಯಬೇಕು, ಆರ್.ಎ. ಬಿಲ್ (ಆ ತನಕ ಮುಗಿದ ಕೆಲಸದ ಕಂತಿನ ಬಿಲ್) ತಯಾರಿಸಬೇಕು, ಮೇನ್ ಕಂಟ್ರಾಕ್ಟರ್ ಆಫೀಸಿಗೆ ಕೊಟ್ಟು ಸೀಲು ಹಾಕಿಸಿಕೊಂಡು ಬರಬೇಕು. ಆಮೇಲೆ ದುಡ್ಡು ಬರುವ ತನಕ ಫೋನು ಮಾಡುತ್ತಿರಬೇಕು. ಶನಿವಾರ ಸಂಜೆ ಮೇಸ್ತ್ರಿಗಳು ಬಟವಾಡೆಗೆ ಬಂದು ನಿಲ್ಲುತ್ತಾರೆ. "ಮೇಸ್ತ್ರಿ, ಮೇಲಿಂದ ಇನ್ನೂ ಬಿಲ್ ಪಾಸಾಗಿಲ್ಲ" ಅಂದರೆ ಅವರಿಗೆ ಅರ್ಥವಾಗುತ್ತದೆ. ಆದರೆ ಅವರ ಹಿಂದೆ ಇಪ್ಪತ್ತು ಜನ ಇರುತ್ತಾರೆ, ಶೆಡ್ಡಿನ ಪಕ್ಕದ ಅಂಗಡಿಯಲ್ಲಿ ಅವರೆಲ್ಲರ ಲೆಕ್ಕ ಬರೆದಿರುತ್ತದೆ.

ಈ ಕುರ್ಚಿಯಲ್ಲಿ ಕೂತು ನೋಡಿದವನಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಆರ್ಥಿಕತೆ ಏರಿದಾಗ ಕಟ್ಟಡ ಕಂಪನಿಗಳು ಹುಟ್ಟುತ್ತವೆ, ಇಳಿದಾಗ ಮುಚ್ಚುತ್ತವೆ ಎಂಬ ಮಾತು ಅರ್ಧ ಮಾತ್ರ ನಿಜ. ಇಳಿತದ ವರ್ಷದಲ್ಲೇ ಮುಚ್ಚುವವರಿಗಿಂತ, ಆ ವರ್ಷ ಕಮ್ಮಿ ರೇಟಿಗೆ ಟೆಂಡರ್ ಹಿಡಿದು ಮೂರು ನಾಲ್ಕು ವರ್ಷ ಓಡಿ ಆಮೇಲೆ ಮುಚ್ಚುವವರೇ ಹೆಚ್ಚು. ಅಷ್ಟರಲ್ಲಿ ಮಾರುಕಟ್ಟೆ ಚೇತರಿಸಿಕೊಂಡಿರುತ್ತದೆ. ಊರೆಲ್ಲ ಕೆಲಸ ಸಿಗುತ್ತಿರುವಾಗ ಇವನೇಕೆ ಮುಳುಗಿದ ಎಂದು ಜನ ಆಶ್ಚರ್ಯಪಡುತ್ತಾರೆ. ಮುಳುಗಿಸಿದ್ದು ಹಳೆಯ ರೇಟು ಎಂಬುದು ಬಿಲ್ಲಿನ ಫೈಲು ನೋಡಿದವರಿಗೆ ಮಾತ್ರ ಗೊತ್ತಿರುತ್ತದೆ.

ಇದನ್ನು ವಿವರಿಸಲು ನಾನು ಆರಿಸಿಕೊಂಡಿರುವುದು ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ. ನಮ್ಮಲ್ಲಿ ಕಂಟ್ರಾಕ್ಟರ್ ಸಂಸ್ಥೆಯೊಂದು ಮುಚ್ಚಿದರೆ ಅದರ ಲೆಕ್ಕದ ಪುಸ್ತಕ ಹೊರಗೆ ಬರುವುದು ಅಪರೂಪ. ಕ್ಯಾರಿಲಿಯನ್ ಮುಳುಗಿದಾಗ ಅಲ್ಲಿನ ಸಂಸತ್ತಿನ ಎರಡು ಸಮಿತಿಗಳು ನಿರ್ದೇಶಕರನ್ನು, ಆಡಿಟರುಗಳನ್ನು ಕೂರಿಸಿ ಪ್ರಶ್ನೆ ಕೇಳಿದವು, ಕಾಗದಪತ್ರ ತರಿಸಿದವು, 2018ರ ಮೇ ತಿಂಗಳಲ್ಲಿ ವರದಿ ಕೊಟ್ಟವು. ಕಟ್ಟಡ ಕಂಪನಿಯೊಂದು ಒಳಗಿಂದ ಹೇಗೆ ಸಾಯುತ್ತದೆ ಎಂಬುದು ಇಷ್ಟು ಬಿಡಿಬಿಡಿಯಾಗಿ ಎಲ್ಲಿಯೂ ಸಿಗಲಾರದು.

ಹುಟ್ಟಿನಿಂದ ಶುರು ಮಾಡುತ್ತೇನೆ. ನಮ್ಮ ಹಳ್ಳಿಗಳಲ್ಲೂ 'ಟಾರು ರಸ್ತೆ' ಅನ್ನುತ್ತೇವಲ್ಲ, ಆ ಟಾರು ಮತ್ತು ಜಲ್ಲಿಯ ಮಿಶ್ರಣವನ್ನು ಟಾರ್‌ಮ್ಯಾಕ್ ಎಂಬ ಹೆಸರಿನಲ್ಲಿ ಮಾರಲು 1903ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಕಂಪನಿ ಹುಟ್ಟಿತ್ತು. ವುಲ್ವರ್‌ಹ್ಯಾಂಪ್ಟನ್ ಅದರ ಊರು. ಬೆಳೆಯುತ್ತಾ ಬೆಳೆಯುತ್ತಾ ಅದು ಕ್ವಾರಿಯನ್ನೂ ನಡೆಸಿತು, ಕಟ್ಟಡವನ್ನೂ ಕಟ್ಟಿತು. 1999ರ ಜುಲೈನಲ್ಲಿ ಮನೆ ಪಾಲಾಯಿತು. ಜಲ್ಲಿ, ಸಾಮಗ್ರಿಯ ವ್ಯಾಪಾರ ಟಾರ್‌ಮ್ಯಾಕ್ ಹೆಸರಿನಲ್ಲೇ ಉಳಿಯಿತು. ಕಟ್ಟುವ ಕೆಲಸ ಬೇರೆಯಾಗಿ ಕ್ಯಾರಿಲಿಯನ್ ಎಂಬ ಹೊಸ ಹೆಸರು ಪಡೆಯಿತು. ಯಾರ ಪಾಲಿಗೆ ಏನು ಬಂತು ಎಂಬುದನ್ನು ಇಲ್ಲಿ ಗಮನಿಸಬೇಕು. ಗಟ್ಟಿ ಆಸ್ತಿ, ಅಂದರೆ ಬಂಡೆ, ಕ್ರಷರ್, ಪ್ಲಾಂಟು ಇದ್ದದ್ದು ಒಂದು ಕಡೆ. ಕ್ಯಾರಿಲಿಯನ್ ಪಾಲಿಗೆ ಬಂದದ್ದು ಕೆಲಸದ ಆದೇಶಗಳು, ಎಂಜಿನಿಯರುಗಳು ಮತ್ತು ಹೆಸರು. ಬ್ಯಾಂಕಿನಲ್ಲಿ ಅಡ ಇಡಬಹುದಾದ ಭೂಮಿ, ಬಂಡೆ ಇಲ್ಲದ ಕಂಪನಿ ಅದು.

ಆದರೂ ಆ ಕಾಲಕ್ಕೆ ಅದು ಒಳ್ಳೆಯ ಗಳಿಗೆಯಲ್ಲೇ ಹುಟ್ಟಿತು. ಸರ್ಕಾರ ಕೈಯಿಂದ ದುಡ್ಡು ಹಾಕದೆ ಆಸ್ಪತ್ರೆ, ಶಾಲೆ, ಜೈಲು ಕಟ್ಟಿಸುವ ಪದ್ಧತಿಯನ್ನು ಬ್ರಿಟನ್ 1992ರಲ್ಲಿ ಶುರು ಮಾಡಿತ್ತು. ಅದನ್ನು ಅವರು ಪಿ.ಎಫ್.ಐ. ಅನ್ನುತ್ತಿದ್ದರು. ಖಾಸಗಿಯವರು ಸಾಲ ತಂದು ಕಟ್ಟುತ್ತಾರೆ, ಇಪ್ಪತ್ತೈದು ಮೂವತ್ತು ವರ್ಷ ನೋಡಿಕೊಳ್ಳುತ್ತಾರೆ, ಸರ್ಕಾರ ವರ್ಷ ವರ್ಷ ಬಾಡಿಗೆಯಂತೆ ಕಟ್ಟುತ್ತದೆ. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಇದನ್ನೇ ಇನ್ನೂ ಜೋರಾಗಿ ನಡೆಸಿತು. ಡಾರ್ಟ್‌ಫರ್ಡಿನ ಡ್ಯಾರೆಂಟ್ ವ್ಯಾಲಿ ಆಸ್ಪತ್ರೆ, ಸ್ವಿಂಡನ್ನಿನ ಗ್ರೇಟ್ ವೆಸ್ಟರ್ನ್ ಆಸ್ಪತ್ರೆ, ಚೆಲ್ಟನ್‌ಹ್ಯಾಮಿನಲ್ಲಿ ಗೂಢಚರ ಸಂಸ್ಥೆಗೆ ಕಟ್ಟಿದ ದುಂಡನೆಯ ಕಚೇರಿ, ಇವೆಲ್ಲ ಈ ಹಾದಿಯಲ್ಲಿ ಕ್ಯಾರಿಲಿಯನ್‌ಗೆ ಬಂದ ಕೆಲಸಗಳು. ಕಟ್ಟಿ ಮುಗಿಸಿದ ಮೇಲೆ ಕಸ ಗುಡಿಸುವುದು, ಊಟ ಒದಗಿಸುವುದು, ಬಲ್ಬು ಬದಲಿಸುವುದು ಕೂಡ ಅದೇ ಕಂಪನಿಯ ಗುತ್ತಿಗೆಯಾಗತೊಡಗಿತು.

ಕೊಲ್ಲಿ ದೇಶಗಳಲ್ಲೂ ಅದರ ಕೈ ಇತ್ತು. ಮಸ್ಕತ್ತಿನಲ್ಲಿ ದುಡಿದು ಬಂದ ನಮ್ಮ ಕರಾವಳಿಯವರು ಸುಲ್ತಾನ್ ಕಾಬೂಸ್ ದೊಡ್ಡ ಮಸೀದಿಯನ್ನೂ ರಾಯಲ್ ಒಪೆರಾ ಹೌಸನ್ನೂ ನೋಡಿರುತ್ತಾರೆ. ಎರಡನ್ನೂ ಕಟ್ಟಿದ್ದು ಅಲ್ಲಿನ ಪಾಲುದಾರರ ಜತೆ ಸೇರಿ ನಡೆಸುತ್ತಿದ್ದ ಕ್ಯಾರಿಲಿಯನ್ ಅಲಾವಿ. ಕೆಲಸದ ಗುಣದಲ್ಲಿ ಕೊಂಕು ತೆಗೆಯುವಂತೆ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಳುಗಿದ ಕಂಪನಿಯವರಿಗೆ ಕೆಲಸವೇ ಗೊತ್ತಿರಲಿಲ್ಲ ಎಂದು ತೀರ್ಮಾನಿಸುವ ಅಭ್ಯಾಸ ನಮಗಿದೆ. ಸೈಟಿನಲ್ಲಿ ನಿಂತವರಿಗೆ ಕೆಲಸ ಗೊತ್ತಿತ್ತು.

ಒಳ್ಳೆಯ ಕಾಲ ಇನ್ನೊಂದು ರೂಪದಲ್ಲೂ ಕೆಲಸ ಮಾಡಿತು. 2006ರಲ್ಲಿ ಕ್ಯಾರಿಲಿಯನ್ ಸುಮಾರು 35 ಕೋಟಿ ಪೌಂಡಿಗೆ ಮೋಲೆಮ್ ಕಂಪನಿಯನ್ನು ಕೊಂಡಿತು. ಮೋಲೆಮ್ 1822ರಲ್ಲಿ ಶುರುವಾದದ್ದು. ನೂರೆಂಬತ್ತು ವರ್ಷ ದಾಟಿದ ಹೆಸರು ಒಂದು ಸಹಿಯಲ್ಲಿ ಅಳಿಸಿಹೋಯಿತು. 2008ರ ಫೆಬ್ರವರಿಯಲ್ಲಿ ಸುಮಾರು 56 ಕೋಟಿ ಪೌಂಡಿಗೆ ಆಲ್‌ಫ್ರೆಡ್ ಮ್ಯಾಕಾಲ್ಪೈನ್ ಕಂಪನಿಯೂ ಒಳಗೆ ಬಂತು. ಕಂಪನಿಗಳು ಮುಚ್ಚುವುದೆಂದರೆ ದಿವಾಳಿ ಒಂದೇ ಎಂದು ನಾವು ಎಣಿಸುತ್ತೇವೆ. ಏರುಗಾಲದಲ್ಲಿ ಅವು ಹೀಗೆ ನುಂಗಿಸಿಕೊಂಡು ಮುಚ್ಚುತ್ತವೆ. ಅಂಥ ಸಾವಿಗೆ ಯಾರೂ ಮರುಗುವುದಿಲ್ಲ, ಏಕೆಂದರೆ ಷೇರುದಾರರ ಕೈಗೆ ದುಡ್ಡು ಬಂದಿರುತ್ತದೆ.

ಮ್ಯಾಕಾಲ್ಪೈನ್ ಕೊಂಡ ಏಳು ತಿಂಗಳಿಗೆ ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಬಿತ್ತು. ಬ್ರಿಟನ್ನಿನ ಬ್ಯಾಂಕುಗಳು ಸಾಲ ಬಿಗಿ ಮಾಡಿದವು. ಮನೆ, ಆಫೀಸು, ಮಾಲುಗಳ ಕೆಲಸ ಅರ್ಧಕ್ಕೆ ನಿಂತಿತು. 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಖರ್ಚಿಗೆ ಕತ್ತರಿ ಹಾಕಿತು. ಆ ಜುಲೈನಲ್ಲಿ ಶಾಲಾ ಕಟ್ಟಡಗಳ ದೊಡ್ಡ ಯೋಜನೆಯನ್ನೇ ರದ್ದು ಮಾಡಿತು. ಸಣ್ಣ ಕಂಟ್ರಾಕ್ಟರುಗಳು ಸಾಲುಸಾಲಾಗಿ ಬಾಗಿಲು ಹಾಕಿದ ಕಾಲ ಅದು. ಕ್ಯಾರಿಲಿಯನ್ ಆಗ ಬೀಳಲಿಲ್ಲ. ಕೊಂಡ ಕಂಪನಿಗಳ ಕೈಯಲ್ಲಿದ್ದ ಹಳೆಯ ಗುತ್ತಿಗೆಗಳು, ಸರ್ಕಾರದ ನಿರ್ವಹಣಾ ಕೆಲಸಗಳು ಅದನ್ನು ತೇಲಿಸಿದವು. ಅದರ ಜತೆಗೆ ಅಗ್ಗದ ಸಾಲವೂ ಇತ್ತು. 2009ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿ ದರವನ್ನು ಶೇ. 0.5ಕ್ಕೆ ಇಳಿಸಿ ವರ್ಷಗಟ್ಟಲೆ ಅಲ್ಲೇ ಇಟ್ಟಿತು. 2009ರ ಕೊನೆಗೆ ಕ್ಯಾರಿಲಿಯನ್ ಸಾಲ ಸುಮಾರು 24 ಕೋಟಿ ಪೌಂಡ್ ಇತ್ತು. ಮುಳುಗುವ ಹೊತ್ತಿಗೆ ಅದು 130 ಕೋಟಿ ಪೌಂಡಿನ ಹತ್ತಿರ ಬಂದಿತ್ತು.

ಅದೇ ಕಮ್ಮಿ ಬಡ್ಡಿ ಇನ್ನೊಂದು ಕಡೆಯಿಂದ ಕುತ್ತಿಗೆಗೆ ಬಂತು. ಮೋಲೆಮ್, ಮ್ಯಾಕಾಲ್ಪೈನ್ ಜತೆಗೆ ಅವುಗಳ ಹಳೆಯ ನೌಕರರ ಪಿಂಚಣಿ ನಿಧಿಗಳೂ ಬಂದಿದ್ದವು. ಬಡ್ಡಿ ಇಳಿದಷ್ಟೂ, ಮುಂದೆ ಕೊಡಬೇಕಾದ ಪಿಂಚಣಿಗೆ ಇವತ್ತು ಎತ್ತಿಡಬೇಕಾದ ಮೊತ್ತ ಏರುತ್ತದೆ. 2016ರ ಕೊನೆಗೆ ಈ ಕೊರತೆ ಸುಮಾರು 80 ಕೋಟಿ ಪೌಂಡ್ ಆಗಿತ್ತು, ಅದರ ಮೇಲೆ ಆತುಕೊಂಡಿದ್ದವರು ಸುಮಾರು 27,000 ಜನ. ಆರ್ಥಿಕ ಸ್ಥಿತಿಯ ಒಂದೇ ಅಂಶ ಒಂದು ಕೈಯಲ್ಲಿ ಉಸಿರು ಕೊಟ್ಟು ಇನ್ನೊಂದು ಕೈಯಲ್ಲಿ ಅದನ್ನೇ ಬಿಗಿಹಿಡಿದ ಬಗೆ ಇದು. ನನಗೆ ಈ ಪ್ರಕರಣದಲ್ಲಿ ತುಂಬಾ ಹೊತ್ತು ಯೋಚಿಸುವಂತೆ ಮಾಡಿದ ಸಂಗತಿಗಳಲ್ಲಿ ಇದೂ ಒಂದು.

ಕಟ್ಟಡ ಕೆಲಸ ಕಮ್ಮಿಯಾಯಿತೆಂದು 2011ರಲ್ಲಿ ಸುಮಾರು 30 ಕೋಟಿ ಪೌಂಡ್ ಕೊಟ್ಟು ಈಗಾ ಎಂಬ ಕಂಪನಿಯನ್ನು ಕೊಂಡರು. ಮನೆಗಳಿಗೆ ಹೀಟರ್, ಸೋಲಾರ್ ಹಾಕುವ ಕಂಪನಿ ಅದು. ಅದೇ ವರ್ಷದ ಕೊನೆಗೆ ಸರ್ಕಾರ ಸೋಲಾರ್ ಸಹಾಯಧನ ಕಡಿತಗೊಳಿಸಿತು. ಆ ವ್ಯಾಪಾರ ಮತ್ತೆ ಮೇಲೇಳಲಿಲ್ಲ. ಆದರೂ ಲೆಕ್ಕದ ಪುಸ್ತಕದಲ್ಲಿ, ಕೊಂಡ ಕಂಪನಿಗಳಿಗೆ ಹೆಚ್ಚಾಗಿ ತೆತ್ತ ಬೆಲೆಯನ್ನೆಲ್ಲ 'ಗುಡ್‌ವಿಲ್' ಎಂದು ಆಸ್ತಿಯ ಪಟ್ಟಿಯಲ್ಲೇ ಬರೆದಿಟ್ಟಿದ್ದರು. 2016ರ ಲೆಕ್ಕದಲ್ಲಿ ಅದು 157 ಕೋಟಿ ಪೌಂಡ್. ಪಟ್ಟಿಯ ಆ ಒಂದು ಸಾಲನ್ನು ಅಳಿಸಿದರೆ ಕಂಪನಿ ಕೊಡಬೇಕಾದ ಒಟ್ಟು ಬಾಕಿ ಅದರ ಆಸ್ತಿಗಿಂತ ದೊಡ್ಡದು.

ಈಗ ಟೆಂಡರ್ ವಿಷಯಕ್ಕೆ ಬರುತ್ತೇನೆ. ಕಂಪನಿಯನ್ನು ಕೊನೆಗೆ ಮುರಿದ ಕೆಲಸಗಳೆಂದು ವರದಿ ಹೆಸರಿಸುವುದು ನಾಲ್ಕನ್ನು: ರಾಯಲ್ ಲಿವರ್‌ಪೂಲ್ ಆಸ್ಪತ್ರೆ, ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ಮಿಡ್‌ಲ್ಯಾಂಡ್ ಮೆಟ್ರೊಪಾಲಿಟನ್ ಆಸ್ಪತ್ರೆ, ಸ್ಕಾಟ್‌ಲೆಂಡಿನ ಅಬರ್ಡೀನ್ ಬೈಪಾಸ್ ರಸ್ತೆ, ಕತಾರಿನ ದೋಹಾದಲ್ಲಿ ಮ್ಶೆಯಿರೆಬ್ ನಗರಾಭಿವೃದ್ಧಿ. ದೋಹಾದ ಕೆಲಸ ಹಿಡಿದದ್ದು 2011ರಲ್ಲಿ. ಬ್ರಿಟನ್ನಿನ ಮೂರೂ 2013ರಿಂದ 2015ರ ನಡುವೆ ಸಹಿಯಾದವು. ಹಲವು ವರ್ಷ ಕೆಲಸವಿಲ್ಲದೆ ಕೂತ ಕಂಟ್ರಾಕ್ಟರುಗಳೆಲ್ಲ ಒಂದೇ ಟೆಂಡರಿಗೆ ಮುಗಿಬೀಳುತ್ತಿದ್ದ ಹೊತ್ತು ಅದು. ನಮ್ಮಲ್ಲಿ ಅಂದಾಜಿಗಿಂತ ಶೇ. 15, 20 ಬಿಲೋ ಹಾಕಿ ಹಿಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಯಲ್ ಲಿವರ್‌ಪೂಲ್ ಕೆಲಸದ ಮೊತ್ತ 33.5 ಕೋಟಿ ಪೌಂಡ್. ದೊಡ್ಡ ಕಂಟ್ರಾಕ್ಟರಿಗೆ ಎಲ್ಲ ಸರಿಯಾಗಿ ನಡೆದರೆ ನೂರಕ್ಕೆ ಎರಡು ಮೂರು ಉಳಿಯುತ್ತದೆ. ಅಂದರೆ ಇಲ್ಲಿ ಒಂದು ಕೋಟಿ ಪೌಂಡು ಸಿಗಬಹುದಿತ್ತು. ಖರ್ಚು ಶೇ. 5 ಏರಿದರೆ ಹೆಚ್ಚುವರಿ ಹೊರೆ 1.675 ಕೋಟಿ. ಸಿಗಬೇಕಾದ ಲಾಭ ಹೋಗಿ ಮೇಲೆ ಕೈಯಿಂದ ಹಾಕಬೇಕು. ಅಲ್ಲಿ ಏರಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಕಾಂಕ್ರೀಟು ತೊಲೆಗಳಲ್ಲಿ ಬಿರುಕು ಕಾಣಿಸಿಕೊಂಡಿತು. ತೊಲೆಯಲ್ಲಿ ಬಿರುಕು ಬಂದರೆ ಸೈಟಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಸಣ್ಣ ಮಟ್ಟದಲ್ಲಿ ಕಂಡಿದ್ದೇನೆ. ಕೆಳಗೆ ಪ್ರಾಪ್ಸ್ ಕೊಟ್ಟು ನಿಲ್ಲಿಸುತ್ತಾರೆ, ಆ ಅಂತಸ್ತಿನಲ್ಲಿ ಪ್ಲಾಸ್ಟರಿಂಗ್, ಪ್ಲಂಬಿಂಗ್, ವೈರಿಂಗ್ ಎಲ್ಲ ನಿಲ್ಲುತ್ತದೆ, ಡಿಸೈನರು ಹೊಸ ಡ್ರಾಯಿಂಗ್ ಕಳಿಸುವ ತನಕ ಜನರನ್ನು ಕೂರಿಸಿ ಕೂಲಿ ಕೊಡಬೇಕು. 2017ರ ಮಾರ್ಚಿಗೆ ಮುಗಿಯಬೇಕಿದ್ದ ಆಸ್ಪತ್ರೆ ರೋಗಿಗಳಿಗೆ ತೆರೆದದ್ದು 2022ರ ಅಕ್ಟೋಬರಿನಲ್ಲಿ.

ದೋಹಾದ ಕಥೆ ಬೇರೆ. 2014ರ ಮಧ್ಯದಲ್ಲಿ ಬ್ಯಾರಲ್ಲಿಗೆ 110 ಡಾಲರಿನ ಆಸುಪಾಸಿನಲ್ಲಿದ್ದ ತೈಲದ ಬೆಲೆ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಬಂತು. ತೈಲದ ದುಡ್ಡಿನ ಮೇಲೆ ನಿಂತ ಕೆಲಸಗಳಲ್ಲಿ ಡ್ರಾಯಿಂಗ್ ಬದಲಾವಣೆಗಳು, ಬಿಲ್ಲಿನ ತಕರಾರುಗಳು ಏಕಾಏಕಿ ಹೆಚ್ಚುವುದು ಕೊಲ್ಲಿಯಲ್ಲಿ ದುಡಿದವರೆಲ್ಲ ಕಂಡ ಸಂಗತಿ. ಮ್ಶೆಯಿರೆಬ್‌ನಿಂದ ತಮಗೆ 20 ಕೋಟಿ ಪೌಂಡ್ ಬರಬೇಕು ಎಂದು ಕ್ಯಾರಿಲಿಯನ್ ಹೇಳಿತು. ಕ್ಯಾರಿಲಿಯನ್ನೇ ನಮಗೆ ಅಷ್ಟು ಕೊಡಬೇಕು ಎಂದು ಮ್ಶೆಯಿರೆಬ್‌ನವರು ಹೇಳಿದರು. ಕ್ಯಾರಿಲಿಯನ್ ಮುಖ್ಯಾಧಿಕಾರಿ ರಿಚರ್ಡ್ ಹೌಸನ್ ದುಡ್ಡು ಕೇಳಲು ಮತ್ತೆ ಮತ್ತೆ ವಿಮಾನ ಹತ್ತುತ್ತಿದ್ದರು, ತಾನೊಬ್ಬ ಸಾಲ ವಸೂಲಿಯವನಂತೆ ಆಗಿಬಿಟ್ಟಿದ್ದೆ ಎಂಬ ಅರ್ಥದ ಮಾತನ್ನು ಸಮಿತಿಯ ಮುಂದೆ ಆಡಿದರು. ನಲವತ್ತು ಸಾವಿರ ಜನರ ಕಂಪನಿಯ ಮುಖ್ಯಸ್ಥ. ಬಾಕಿ ಕೇಳಲು ಹೋದಾಗ ಎಲ್ಲರೂ ಒಂದೇ.

ಇಷ್ಟೆಲ್ಲ ಆಗುತ್ತಿದ್ದರೂ ಕಂಪನಿ ಐದಾರು ವರ್ಷ ಓಡಿತು. ಹೇಗೆ? ಈ ಪ್ರಶ್ನೆಗೆ ಉತ್ತರ ನನ್ನ ಮೇಜಿನ ಮೇಲಿರುವ ಬಾಕಿ ಪಟ್ಟಿಯಲ್ಲಿದೆ. 30 ದಿನ, 60 ದಿನ, 90 ದಿನ ಎಂದು ಕಾಲಂ ಹಾಕಿ ಯಾವ ಬಿಲ್ ಎಷ್ಟು ಹಳತಾಯಿತು ಎಂದು ತುಂಬುವ ಹಾಳೆ ಅದು. ತಿಂಗಳಿಗೆ ಹತ್ತು ಲಕ್ಷದ ಕೆಲಸ ಮಾಡುವ ಸಬ್ ಕಂಟ್ರಾಕ್ಟರಿಗೆ ಮೂವತ್ತು ದಿನಕ್ಕೆ ದುಡ್ಡು ಬಂದರೆ ಸ್ವಂತ ಹತ್ತು ಲಕ್ಷ ಇದ್ದರೆ ಸಾಕು. ನೂರಿಪ್ಪತ್ತು ದಿನ ಆದರೆ ನಲವತ್ತು ಲಕ್ಷ ಬೇಕು. ಆ ಮೂವತ್ತು ಲಕ್ಷದ ವ್ಯತ್ಯಾಸವನ್ನು ಅವನು ಹೆಂಡತಿಯ ಒಡವೆ ಇಟ್ಟೋ, ಫೈನಾನ್ಸಿನವರ ಹತ್ತಿರ ತಂದೋ ಹೊಂದಿಸುತ್ತಾನೆ. ಅದೇ ಮೂವತ್ತು ಲಕ್ಷ ಮೇನ್ ಕಂಟ್ರಾಕ್ಟರ್ ಕೈಯಲ್ಲಿ ಬಡ್ಡಿಯಿಲ್ಲದ ಸಾಲವಾಗಿ ಓಡಾಡುತ್ತದೆ.

ಕ್ಯಾರಿಲಿಯನ್ ಸಬ್ ಕಂಟ್ರಾಕ್ಟರುಗಳಿಗೆ ಹೇಳುತ್ತಿದ್ದ ಅವಧಿ ಸರಿಯಾಗಿ ಅದೇ: 120 ದಿನ. ಬೇಗ ಬೇಕೆಂದರೆ ಬ್ಯಾಂಕಿನಿಂದ ಕೊಡಿಸುತ್ತೇವೆ, ಒಂದಿಷ್ಟು ಹಿಡಿದುಕೊಳ್ಳುತ್ತೇವೆ ಎಂಬ ಏರ್ಪಾಟನ್ನು 2013ರಲ್ಲಿ ಮಾಡಿದರು. ಸಣ್ಣವರಿಗೆ ಬೇಗ ದುಡ್ಡು ಸಿಗಲಿ ಎಂದು ಸರ್ಕಾರವೇ 2012ರಲ್ಲಿ ಹುರಿದುಂಬಿಸಿದ್ದ ಪದ್ಧತಿ ಇದು. ಬ್ಯಾಂಕು ಸಬ್ ಕಂಟ್ರಾಕ್ಟರಿಗೆ ಬೇಗ ಕೊಡುತ್ತದೆ, ಕ್ಯಾರಿಲಿಯನ್ ಬ್ಯಾಂಕಿಗೆ ನಿಧಾನವಾಗಿ ಕೊಡುತ್ತದೆ. ನಿಜಕ್ಕೂ ಇದು ಕ್ಯಾರಿಲಿಯನ್ ಮಾಡಿದ ಬ್ಯಾಂಕ್ ಸಾಲ. ಆದರೆ ಪುಸ್ತಕದಲ್ಲಿ ಸಾಲ ಎಂದು ಬರೆಯಲಿಲ್ಲ, ಬೇರೆ ಕೊಡಬೇಕಾದ ಬಾಕಿಗಳ ಜತೆ ಸೇರಿಸಿಟ್ಟರು. ಸಕಾಲಕ್ಕೆ ಹಣ ಪಾವತಿಸುತ್ತೇವೆ ಎಂಬ ರಾಷ್ಟ್ರೀಯ ಸಂಹಿತೆಗೆ ಇದೇ ಕಂಪನಿ ಸಹಿ ಹಾಕಿತ್ತು ಎಂಬುದನ್ನು ಓದಿದಾಗ ನನಗೆ ಸಿಟ್ಟು ಬಂತು, ಈಗಲೂ ಇಳಿದಿಲ್ಲ.

ವರ್ಷದ ಕೊನೆಯ ದಿನದ ಲೆಕ್ಕವನ್ನು ನೋಡಿ. 2016ರ ಡಿಸೆಂಬರ್ 31ಕ್ಕೆ ಕಂಪನಿ ತೋರಿಸಿದ ನಿವ್ವಳ ಸಾಲ, ಅಂದರೆ ಕೈಯಲ್ಲಿದ್ದ ನಗದು ಕಳೆದು ಉಳಿದ ಸಾಲ, ಸುಮಾರು 22 ಕೋಟಿ ಪೌಂಡ್. ಆ ವರ್ಷದ ಸರಾಸರಿ 59 ಕೋಟಿ. ಲೆಕ್ಕ ಮುಗಿಸುವ ಒಂದು ದಿನಕ್ಕೆ ಬರಬೇಕಾದ್ದನ್ನೆಲ್ಲ ತರಿಸಿಕೊಂಡು, ಕೊಡಬೇಕಾದ್ದನ್ನೆಲ್ಲ ತಡೆದುಹಿಡಿದರೆ ಇಷ್ಟು ಅಂತರ ಬರುತ್ತದೆ. ತಡೆದುಹಿಡಿದ ಆ ದುಡ್ಡು ಎಲ್ಲಿಯದು ಎಂದು ನನ್ನಂಥವರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಬರುವ ಕಡೆಯ ಲೆಕ್ಕವೂ ಹಾಗೆಯೇ. ಕೆಲಸ ಇಷ್ಟು ಆಗಿದೆ, ಗಿರಾಕಿ ಇನ್ನೂ ಒಪ್ಪಿಲ್ಲ, ಅಳತೆಗೆ ಸಹಿ ಬಿದ್ದಿಲ್ಲ, ಆದರೂ ಆದಾಯ ಎಂದು ಬರೆದುಕೊಳ್ಳುವುದು. ದೊಡ್ಡ ಕೆಲಸಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ಎಲ್ಲರೂ ಮಾಡುವುದೇ, ಲೆಕ್ಕಪತ್ರದ ನಿಯಮವೂ ಮುಗಿದಷ್ಟು ಕೆಲಸದ ಪ್ರಮಾಣದಲ್ಲಿ ಆದಾಯ ಹಿಡಿಯಲು ಬಿಡುತ್ತದೆ. ತಪ್ಪು ಇರುವುದು ಮುಂದೆ ಬರುವ ನಷ್ಟ ಕಣ್ಣಿಗೆ ಕಾಣುತ್ತಿದ್ದರೂ ಅದನ್ನು ಬರೆಯದೆ, ಹೆಚ್ಚುವರಿ ಕ್ಲೇಮು ಪಾಸಾಗುತ್ತದೆ ಎಂದು ನಂಬಿ ಲಾಭ ತೋರಿಸುವುದರಲ್ಲಿ. 2016ಕ್ಕೆ 520 ಕೋಟಿ ಪೌಂಡ್ ವಹಿವಾಟು, 14.7 ಕೋಟಿ ಲಾಭ ಎಂದು ತೋರಿಸಿ, ಷೇರುದಾರರಿಗೆ 7.9 ಕೋಟಿ ಡಿವಿಡೆಂಡ್ ಘೋಷಿಸಿದರು. ಕಂಪನಿ ಹುಟ್ಟಿದಾಗಿನಿಂದ ಪ್ರತಿ ವರ್ಷ ಡಿವಿಡೆಂಡ್ ಏರಿಸುತ್ತಲೇ ಬಂದಿದ್ದರು. 2012ರಿಂದ 2016ರ ತನಕ ಹಂಚಿದ್ದು 37.6 ಕೋಟಿ, ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದು 15.9 ಕೋಟಿ. ಉಳಿದದ್ದು ಸಾಲದಿಂದ ಮತ್ತು ನಮ್ಮಂಥವರ 120 ದಿನಗಳಿಂದ. ಹತ್ತೊಂಬತ್ತು ವರ್ಷ ಆಡಿಟ್ ಮಾಡಿದ ಕೆಪಿಎಂಜಿಗೆ 2023ರಲ್ಲಿ 2.1 ಕೋಟಿ ಪೌಂಡ್ ದಂಡ ಬಿತ್ತು.

ನಮ್ಮ ಲೈನಿನಲ್ಲಿ ಇದಕ್ಕೆ 'ರೊಟೇಷನ್' ಅನ್ನುತ್ತೇವೆ. ಹೊಸ ಕೆಲಸದ ಅಡ್ವಾನ್ಸಿನಲ್ಲಿ ಹಳೆಯ ಕೆಲಸದ ಬಾಕಿ ತೀರಿಸುವುದು. ಹೊಸ ಕೆಲಸ ಬರುತ್ತಿರುವ ತನಕ ನಡೆಯುತ್ತದೆ, ಪ್ರತಿ ಸಾರಿ ಹಿಂದಿನದಕ್ಕಿಂತ ದೊಡ್ಡ ಕೆಲಸ ಬೇಕು, ದೊಡ್ಡ ಕೆಲಸ ಬೇಕೆಂದರೆ ರೇಟು ಇನ್ನೂ ಇಳಿಸಬೇಕು. ಆರ್ಥಿಕತೆಯಲ್ಲಿ ಸಣ್ಣ ಏರುಪೇರಾದರೂ ಸಾಕು, ಸರಪಳಿ ತುಂಡಾಗುತ್ತದೆ. 2016ರ ಜೂನಿನಲ್ಲಿ ಬ್ರಿಟನ್ ಜನಮತ ಕೊಟ್ಟು ಯುರೋಪಿಯನ್ ಒಕ್ಕೂಟದಿಂದ ಹೊರಡಲು ತೀರ್ಮಾನಿಸಿದ ಮೇಲೆ ಹೊಸ ಕೆಲಸಗಳ ನಿರ್ಧಾರ ಮುಂದಕ್ಕೆ ಹೋದವು, ಪೌಂಡಿನ ಬೆಲೆ ಕುಸಿದು ಹೊರಗಿಂದ ತರುವ ಸಾಮಗ್ರಿ ತುಟ್ಟಿಯಾಯಿತು. ಬೇರೆ ಕಂಪನಿಗಳು ಇದನ್ನು ತಾಳಿಕೊಂಡವು. ಇದಕ್ಕೆ ತಾಳಿಕೊಳ್ಳುವ ಜಾಗ ಉಳಿದಿರಲಿಲ್ಲ.

2017ರ ಜುಲೈ 10ರಂದು ಕಂಪನಿ ತನ್ನ ಗುತ್ತಿಗೆಗಳ ಮೇಲೆ 84.5 ಕೋಟಿ ಪೌಂಡ್ ನಷ್ಟ ಬರೆಯುತ್ತಿರುವುದಾಗಿ ಪ್ರಕಟಿಸಿತು. ಹೌಸನ್ ಅವತ್ತೇ ಇಳಿದರು. ಮೂರು ದಿನದಲ್ಲಿ ಷೇರಿನ ಬೆಲೆ ಶೇ. 70ರಷ್ಟು ಬಿತ್ತು. ಅದರ ಹಿಂದಿನ ತಿಂಗಳಷ್ಟೇ ಡಿವಿಡೆಂಡಿನ ಕಂತು ಹಂಚಿದ್ದರು. ನಷ್ಟ ಪ್ರಕಟಿಸಿದ ಒಂದು ವಾರಕ್ಕೆ ಎಚ್‌ಎಸ್2 ಹೈಸ್ಪೀಡ್ ರೈಲು ಮಾರ್ಗದ 140 ಕೋಟಿ ಪೌಂಡ್ ಕೆಲಸ ಇನ್ನಿಬ್ಬರು ಪಾಲುದಾರರ ಜತೆ ಅದಕ್ಕೇ ಸಿಕ್ಕಿತು. ಸೆಪ್ಟೆಂಬರಿನಲ್ಲಿ ನಷ್ಟದ ಮೊತ್ತ ನೂರು ಕೋಟಿ ದಾಟಿತು. ಬ್ಯಾಂಕುಗಳು ಕೈ ಚೆಲ್ಲಿದವು. 2018ರ ಜನವರಿ 15, ಸೋಮವಾರ ಬೆಳಿಗ್ಗೆ ಕೋರ್ಟು ಸಮಾಪನೆಗೆ, ಅಂದರೆ ಕಂಪನಿ ಮುಚ್ಚಿ ಇದ್ದದ್ದನ್ನು ಮಾರಿ ಹಂಚುವುದಕ್ಕೆ, ಆದೇಶ ಕೊಟ್ಟಿತು. ಮುಚ್ಚುವಾಗ ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್, ಕೊಡಬೇಕಾದದ್ದು ಹತ್ತಿರ ಹತ್ತಿರ 700 ಕೋಟಿ. ಆಡಳಿತಾಧಿಕಾರಿಗಳನ್ನು ನೇಮಿಸಿ ನಡೆಸುತ್ತಾ ಮಾರಲು ಬೇಕಾಗುವಷ್ಟು ದುಡ್ಡೂ ಇರಲಿಲ್ಲ, ಅದಕ್ಕೇ ನೇರ ಸಮಾಪನೆ.

ಆ ಬೆಳಿಗ್ಗೆಯನ್ನು ನಾನು ಸಬ್ ಕಂಟ್ರಾಕ್ಟರ್ ಕಡೆಯಿಂದ ಮಾತ್ರ ಕಲ್ಪಿಸಿಕೊಳ್ಳಬಲ್ಲೆ. ಸೈಟಿನಲ್ಲಿ ಸ್ಕ್ಯಾಫೋಲ್ಡಿಂಗ್ ನಿಂತಿದೆ, ಅದರ ಬಾಡಿಗೆ ದಿನಕ್ಕಿಷ್ಟು ಎಂದು ಓಡುತ್ತಿದೆ. ಒಳಗೆ ನಿಮ್ಮ ಪೈಪು, ಕೇಬಲ್ಲು, ಡಕ್ಟು ಇದೆ. ಗೋಡೆಗೆ ಜೋಡಿಸಿದ್ದು ಇನ್ನು ನಿಮ್ಮದಲ್ಲ. ಸೆಪ್ಟೆಂಬರಿನ ಬಿಲ್ ಜನವರಿಯಲ್ಲಿ ಬರಬೇಕಿತ್ತು, ಅಕ್ಟೋಬರ್, ನವೆಂಬರ್, ಡಿಸೆಂಬರ್ ಅದರ ಹಿಂದೆ ಸಾಲು ನಿಂತಿವೆ. ಅದರ ಮೇಲೆ ವರ್ಷಗಳಿಂದ ಪ್ರತಿ ಬಿಲ್ಲಿನಲ್ಲೂ ಭದ್ರತೆಗೆಂದು ಹಿಡಿದಿಟ್ಟ ಹಣ, ಅಂದರೆ ರಿಟೆನ್ಷನ್. ಇಂಥ ಸುಮಾರು 30,000 ಜನರಿಗೆ, ಸಂಸ್ಥೆಗಳಿಗೆ ಸುಮಾರು 200 ಕೋಟಿ ಪೌಂಡ್ ಬರಬೇಕಿತ್ತು. ಅಡ ಇಟ್ಟುಕೊಳ್ಳದೆ ಸಾಲ ಕೊಟ್ಟವರ ಜತೆ ಅವರು ಸಾಲಿನ ಕೊನೆಯಲ್ಲಿ ನಿಂತರು. ತಮ್ಮದೇ ಪುಸ್ತಕದಲ್ಲಿ ಲಾಭವಿದ್ದ, ಕೈತುಂಬ ಕೆಲಸವಿದ್ದ ಸಣ್ಣ ಕಂಪನಿಗಳು ಆ ವರ್ಷ ಹೀಗೆ ಬಾಗಿಲು ಹಾಕಿದವು. ಅವುಗಳ ಸಾವಿಗೆ ಕಾರಣ ಎಂದು ಯಾವ ಆರ್ಥಿಕ ಕುಸಿತವನ್ನೂ ತೋರಿಸಲಾಗದು. 2018ರಲ್ಲಿ ಬ್ರಿಟನ್ನಿನ ಆರ್ಥಿಕತೆ ಬೆಳೆಯುತ್ತಲೇ ಇತ್ತು.

ಎಲ್ಲವೂ ಸತ್ತಿತೆಂದಲ್ಲ. ಬ್ರಿಟನ್ನಿನಲ್ಲಿದ್ದ ಸುಮಾರು 18,000 ನೌಕರರಲ್ಲಿ ಮುಕ್ಕಾಲು ಪಾಲು ಜನರನ್ನು ಬೇರೆ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಕೆಲಸದ ಸಮೇತ ತೆಗೆದುಕೊಂಡವು. ಆಸ್ಪತ್ರೆಯ ಅಡುಗೆ, ಜೈಲಿನ ನಿರ್ವಹಣೆ ಒಂದು ದಿನವೂ ನಿಲ್ಲಬಾರದೆಂದು ಸರ್ಕಾರ ದುಡ್ಡು ಹಾಕಿತು. ಅದರ ಭಾರ ಸುಮಾರು 15 ಕೋಟಿ ಪೌಂಡ್ ಎಂದು ಅಲ್ಲಿನ ಲೆಕ್ಕ ಪರಿಶೋಧಕರು ಅಂದಾಜು ಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಪಿ.ಎಫ್.ಐ. ಗುತ್ತಿಗೆಗಳನ್ನು ಇನ್ನು ಮಾಡುವುದಿಲ್ಲ ಎಂದು ಸರ್ಕಾರ ಘೋಷಿಸಿತು. ಯಾವ ನೀತಿಯ ಬೆಳೆಯಾಗಿ ಕ್ಯಾರಿಲಿಯನ್ ಎದ್ದಿತ್ತೋ ಆ ನೀತಿಯೂ ಅದರ ಹಿಂದೆಯೇ ಹೋಯಿತು. ರಿಟೆನ್ಷನ್ ಹಣವನ್ನು ಬೇರೆ ಖಾತೆಯಲ್ಲಿ ಕಾಪಾಡಬೇಕೆಂಬ ಒಂದು ಮಸೂದೆ 2018ರ ಜನವರಿಯಲ್ಲಿ ಸಂಸತ್ತಿಗೆ ಬಂತು, ಕಾನೂನಾಗಲಿಲ್ಲ. ನನ್ನನ್ನು ಕೇಳಿದರೆ ಆ ಎಲ್ಲ ಚರ್ಚೆಯಲ್ಲಿ ಕೈಬಿಡಬಾರದಿದ್ದ ಸಂಗತಿ ಅದೊಂದೇ.

ನಮ್ಮಲ್ಲಿ ಈ ವಿಷಯಕ್ಕೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಸಂಸ್ಥೆಗೆ 45 ದಿನದೊಳಗೆ ದುಡ್ಡು ಕೊಡಬೇಕೆನ್ನುತ್ತದೆ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ. ಕಟ್ಟಡ ಗುತ್ತಿಗೆಗೆ ಅದು ಅನ್ವಯಿಸುತ್ತದೋ ಇಲ್ಲವೋ ಎಂಬುದು ಕೋರ್ಟುಗಳಲ್ಲಿ ತಕರಾರಾಗಿಯೇ ಬಂದಿದೆ. ಅನ್ವಯಿಸಿದರೂ ನಾಳೆ ಕೆಲಸ ಕೊಡಬೇಕಾದವರ ಮೇಲೆ ಇವತ್ತು ಬಡ್ಡಿ ಕೇಳುವ ಸಬ್ ಕಂಟ್ರಾಕ್ಟರನ್ನು ನಾನು ಇನ್ನೂ ನೋಡಿಲ್ಲ.

ಸಮಿತಿಗಳ ವರದಿ ಕ್ಯಾರಿಲಿಯನ್ ಕಥೆಯನ್ನು ದುಡುಕು, ಅಹಂಕಾರ ಮತ್ತು ದುರಾಸೆಯ ಕಥೆ ಎಂದು ಕರೆಯಿತು. ನಿರ್ದೇಶಕರ ಮಟ್ಟಿಗೆ ಅದು ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಂದಿನ ಸಾವುಗಳು ಅರ್ಥವಾಗುವುದಿಲ್ಲ. ಕೋವಿಡ್ ಕಳೆದ ಮೇಲೆ ಕಬ್ಬಿಣ, ಮರ, ಇಂಧನದ ಬೆಲೆ ಏರಿತು, ಬಡ್ಡಿಯೂ ಏರಿತು. ಅದಕ್ಕೆ ಮೊದಲು ನಿಗದಿತ ಮೊತ್ತಕ್ಕೆ ಸಹಿ ಹಾಕಿದವರು ಸಿಕ್ಕಿಬಿದ್ದರು. 2023ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 4,300ಕ್ಕೂ ಹೆಚ್ಚು ಕಟ್ಟಡ ಕಂಪನಿಗಳು ದಿವಾಳಿಯಾದವು. 2024ರ ಸೆಪ್ಟೆಂಬರ್ 20ರಂದು ಐಎಸ್‌ಜಿ ಎಂಬ ದೊಡ್ಡ ಕಂಪನಿ ಬಿತ್ತು, ಸುಮಾರು 2,200 ಜನ ಕೆಲಸ ಕಳೆದುಕೊಂಡರು. ಕೆಲವು ವರ್ಷ ಹಿಂದೆ ಹಿಡಿದ ನಷ್ಟದ ದೊಡ್ಡ ಗುತ್ತಿಗೆಗಳೇ ಕಾರಣ ಎಂದು ಅಲ್ಲಿಯೂ ಹೇಳಿದರು.

ಅದಾದ ಎರಡು ವಾರಕ್ಕೆ, ಅಕ್ಟೋಬರ್ 6ರಂದು, ಸ್ಮೆಥಿಕ್‌ನ ಮಿಡ್‌ಲ್ಯಾಂಡ್ ಮೆಟ್ರೊಪಾಲಿಟನ್ ಆಸ್ಪತ್ರೆ ಬಾಗಿಲು ತೆರೆಯಿತು. ಕ್ಯಾರಿಲಿಯನ್ ಬಿಟ್ಟುಹೋದ ಅರ್ಧ ಕಟ್ಟಡವನ್ನು ಬ್ಯಾಲ್‌ಫರ್ ಬೀಟಿ ಕಂಪನಿ ಮುಗಿಸಿಕೊಟ್ಟಿತ್ತು. 2018ಕ್ಕೆ ತೆರೆಯಬೇಕಿದ್ದ ಆಸ್ಪತ್ರೆ ಅದು. ಮೊದಲ ಸಲ ಅಲ್ಲಿ ಪೈಪು ಹಾಕಿದವರ, ವೈರು ಎಳೆದವರ ಬಿಲ್ಲುಗಳು ಸಮಾಪನಾಧಿಕಾರಿಯ ಕಚೇರಿಯಲ್ಲಿ ಬಾಕಿ ಬರಬೇಕಾದವರ ಪಟ್ಟಿಗೆ ಸೇರಿ ಅಷ್ಟು ಹೊತ್ತಿಗೆ ಆರು ವರ್ಷ ದಾಟಿತ್ತು.